ಕೊಹಿಮಾದ ವಾರ್ ಸಿಮೆಟ್ರಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ

ನಾಗಾಲ್ಯಾಂಡಿನ ಕೊಹಿಮಾಕ್ಕೆ ಹೋಗಿ, 1944ರಲ್ಲಿ ಜಪಾನೀ ಸೇನೆಯ ಎದುರು ಕಾದಾಡಿ ಸತ್ತವರ ಸಮಾಧಿಗಳಿರುವ ವಾರ್ ಸಿಮೆಟ್ರಿ ನೋಡಿ ಬಂದವರ ಮೊಬೈಲು ಇಸ್ಕೊಂಡು ನೋಡಿ. ಒಂದು ಫೋಟೊ ಇದ್ದೇ ಇರುತ್ತದೆ. ಒರಟಾದ ಒಂದು ದೊಡ್ಡ ನಿಲುವುಗಲ್ಲು, ಅದರ ಬುಡದಲ್ಲಿ ಇಂಗ್ಲಿಷಿನ ಎರಡು ಸಾಲು, ಪಕ್ಕದಲ್ಲಿ ಸ್ವೆಟರು ತೊಟ್ಟು ನಿಂತ ಅವರು. ಅಷ್ಟು ಮುಗಿಸಿ ಟೀ ಕುಡಿದು ಗಾಡಿ ಹತ್ತುತ್ತಾರೆ. ಆಡಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ಮೊದಲ ಸಲ ನಾನೂ ಇಪ್ಪತ್ತೇ ನಿಮಿಷಕ್ಕೆ ಹೊರಟವನು. ಆ ಕಲ್ಲು ಯಾರದ್ದು, ಆ ಎರಡು ಸಾಲು ಯಾರಿಗೆ ಬರೆದದ್ದು, ಮೆಟ್ಟಿಲು ಹತ್ತಿ ಮೇಲೆ ಹೋದರೆ ಏನಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಎರಡನೇ ಸಲ ಹೋದಾಗ ಎರಡು ಬೆಳಗು ಅಲ್ಲೇ ಕಳೆದೆ. ಆಗ ಕಲಿತದ್ದನ್ನು, ಮಾಡಿದ ತಪ್ಪನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಾನು ಅಂಚೆ ಇಲಾಖೆಯವನು. ಗುಮಾಸ್ತನಾಗಿ ಸೇರಿ ಸಬ್ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತಿಯಾದೆ. ನಡುವೆ ಕೆಲವು ವರ್ಷ ಡೆಪ್ಯುಟೇಶನ್ ಮೇಲೆ ಸೇನೆಯ ಅಂಚೆ ಸೇವೆಯಲ್ಲಿ, ಈಶಾನ್ಯದ ಕಡೆ ಇದ್ದೆ. ಅಲ್ಲಿಗೆ ಬರುತ್ತಿದ್ದ ಲಕೋಟೆಗಳ ಮೇಲೆ ಊರಿನ ಹೆಸರೇ ಇರುತ್ತಿರಲಿಲ್ಲ. ಸೈನಿಕನ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೊನೆಗೆ ‘99 ಎ.ಪಿ.ಒ.’ (ಆರ್ಮಿ ಪೋಸ್ಟ್ ಆಫೀಸ್), ಇಷ್ಟೇ. ಬೀದಿ, ತಾಲ್ಲೂಕು, ಜಿಲ್ಲೆ ನೋಡಿ ಕಾಗದ ವಿಂಗಡಿಸಿ ಅಭ್ಯಾಸವಾಗಿದ್ದ ನನಗೆ ಮೊದಮೊದಲು ಅದು ಅರ್ಧ ವಿಳಾಸದಂತೆ ಕಾಣುತ್ತಿತ್ತು. ಆಮೇಲೆ ಗೊತ್ತಾಯಿತು, ಸಿಪಾಯಿಗೆ ಅದೇ ಪೂರ್ತಿ ವಿಳಾಸ. ಇದನ್ನು ಯಾಕೆ ಹೇಳಿದೆ ಎಂದರೆ, ಕೊಹಿಮಾದ ಒಂದೊಂದು ಸಮಾಧಿಫಲಕದ ಮೇಲೂ ಅಕ್ಷರಗಳು ಅದೇ ಕ್ರಮದಲ್ಲಿವೆ. ನಂಬರು, ರ‍್ಯಾಂಕು, ಹೆಸರು, ರೆಜಿಮೆಂಟು, ತಾರೀಖು.

ನಿವೃತ್ತಿಯಾದ ಮೇಲೆ ಮತ್ತೆ ಅಲ್ಲಿಗೆ ಹೋಗಲು ಕಾರಣವಾದದ್ದು ನಮ್ಮ ಪಕ್ಕದ ಬೀದಿಯ ಅಜ್ಜಿ. ಅವರ ಚಿಕ್ಕಪ್ಪ ಎರಡನೇ ಮಹಾಯುದ್ಧದಲ್ಲಿ ಲಾರಿ ಡ್ರೈವರಾಗಿ ಸೇನೆಗೆ ಸೇರಿ ‘ಬರ್ಮಾ ಕಡೆ’ ಹೋದವರು, ತಿರುಗಿ ಬರಲಿಲ್ಲ. ಮನೆಯಲ್ಲಿ ಉಳಿದದ್ದು ಮಡಿಕೆ ಮಡಿಕೆಗೂ ಹರಿದ ಒಂದು ಸರ್ಕಾರಿ ಕಾಗದ. ನಾನು ಆ ಕಡೆ ಪ್ರವಾಸ ಹೊರಟಿದ್ದೇನೆ ಎಂದು ಯಾರೋ ಅಜ್ಜಿಯ ಕಿವಿಗೆ ಹಾಕಿದ್ದರು. ‘ಪೋಸ್ಟ್ ಮೇಷ್ಟ್ರೇ, ಅಲ್ಲಿ ಸತ್ತೋರ ಹೆಸ್ರೆಲ್ಲ ಕಲ್ಲಲ್ಲಿ ಬರ‍್ದವ್ರಂತೆ. ನಮ್ ಚಿಕ್ಕಪ್ಪಂದೂ ಐತಾ ನೋಡ್ಕಂಡ್ ಬನ್ನಿ’ ಅಂದರು. ಆಗಲಿ ಅಂದೆ.

ಮೊದಲು ಮನೆಯಲ್ಲಿ ಕೂತು ಮಾಡುವ ಕೆಲಸ

ನನ್ನ ತಪ್ಪು ಶುರುವಾದದ್ದು ಇಲ್ಲೇ. ಹುಡುಕುವುದನ್ನು ಬಿಟ್ಟು ಟಿಕೆಟ್ ಮಾಡಿಸಿದೆ. ನೀವು ಹಾಗೆ ಮಾಡಬೇಡಿ.

ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕಡೆಯಿಂದ ಕಾದಾಡಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವುದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. 1917ರಲ್ಲಿ ಶುರುವಾದ ಸಂಸ್ಥೆ. ಅವರ ಜಾಲತಾಣದಲ್ಲಿ ಹೆಸರು, ನಂಬರು, ರೆಜಿಮೆಂಟು ಯಾವುದನ್ನಾದರೂ ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ನಮ್ಮ ಕಡೆಯವರ ಹೆಸರು ಹುಡುಕುವವರಿಗೆ ಒಂದಿಷ್ಟು ಅಂಚೆ ಬುದ್ಧಿ ಬೇಕಾಗುತ್ತದೆ.

ಒಂದು, ಕಾಗುಣಿತ. ಆ ಕಾಲದ ರೆಕಾರ್ಡ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಮುನಿಸ್ವಾಮಿ ಎನ್ನುವ ಒಂದೇ ಹೆಸರನ್ನು ನಾನು ನನ್ನ ಸರ್ವೀಸಿನಲ್ಲಿ ಏಳೆಂಟು ಬಗೆಯ ಇಂಗ್ಲಿಷಿನಲ್ಲಿ ಓದಿದ್ದೇನೆ. ಕೃಷ್ಣಪ್ಪ ಕಿಸ್ಟ್ನಪ್ಪ ಆಗಿರಬಹುದು, ಗೌಡ ಗೌಡ್ ಆಗಿ ನಿಂತಿರಬಹುದು, ಇನಿಷಿಯಲ್ ಬಿದ್ದೇಹೋಗಿರಬಹುದು. ಒಂದೇ ಹೆಸರಿನವರಾಗಿದ್ದರೆ ಅದನ್ನು ಅಡ್ಡಹೆಸರಿನ ಜಾಗದಲ್ಲಿ ಹಾಕಿ ನೋಡಿ. ಸಿಗಲಿಲ್ಲವೆಂದರೆ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ.

ಎರಡು, ಊರು. ಈಗಿನ ಕರ್ನಾಟಕ 1944ರಲ್ಲಿ ಇರಲಿಲ್ಲ. ಹಾಸನ, ತುಮಕೂರು, ಶಿವಮೊಗ್ಗದವರು ‘ಮೈಸೂರು ಸಂಸ್ಥಾನ’ದ ಕೆಳಗೆ ಬರುತ್ತಾರೆ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದವರು ಬಾಂಬೆ ಪ್ರಾಂತ್ಯಕ್ಕೆ, ಮಂಗಳೂರು ಮತ್ತು ಬಳ್ಳಾರಿಯವರು ಮದ್ರಾಸಿಗೆ, ಕಲಬುರಗಿ, ರಾಯಚೂರು, ಬೀದರಿನವರು ಹೈದರಾಬಾದಿಗೆ ಸೇರುತ್ತಾರೆ. ಕೊಡಗಿನದು ಬೇರೆಯೇ ಲೆಕ್ಕ. ‘ಇಂಥವರ ಮಗ, ಇಂಥ ಊರು, ಇಂಥ ಪ್ರಾಂತ್ಯ’ ಎಂದು ದಾಖಲೆಯಲ್ಲಿ ಒಂದು ಸಾಲು ಇದ್ದರೆ ಅಲ್ಲಿ ಹಳೆಯ ಹೆಸರುಗಳೇ ಸಿಗುವುದು. ‘ಕರ್ನಾಟಕ’ ಎಂದು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ.

ಮೂರು, ನಂಬರು. ಮನೆಯಲ್ಲಿ ಹಳೆಯ ಕಾಗದ, ಪಿಂಚಣಿ ಪುಸ್ತಕ, ಮನಿಯಾರ್ಡರ್ ಚೂರು ಏನಿದ್ದರೂ ಬೆಳಕಿಗೆ ಹಿಡಿದು ಸೈನಿಕನ ನಂಬರನ್ನು ಓದಿ. ಹೆಸರು ಹತ್ತು ಜನಕ್ಕೆ ಇರುತ್ತದೆ, ಒಂದು ರೆಜಿಮೆಂಟಿನಲ್ಲಿ ಒಂದು ನಂಬರು ಇರುವುದು ಒಬ್ಬನಿಗೇ. ಫೀಲ್ಡ್ ಪೋಸ್ಟ್ ಆಫೀಸಿನಲ್ಲಿ ನಮಗೆ ಮೊದಲ ದಿನ ಹೇಳಿಕೊಟ್ಟ ಪಾಠ ಇದು. ಅಜ್ಜಿ ಕೇಳಿಕೊಂಡ ದಿನ ಅದೇ ನನಗೆ ನೆನಪಾಗಲಿಲ್ಲ.

ಸಿಕ್ಕಿದರೆ ದಾಖಲೆಯ ಕೊನೆಯಲ್ಲಿ ಜಾಗ ಬರೆದಿರುತ್ತದೆ. ಪ್ಲಾಟು, ಸಾಲು, ಸಮಾಧಿ ಸಂಖ್ಯೆ. ಬಡಾವಣೆ, ಅಡ್ಡರಸ್ತೆ, ಮನೆ ನಂಬರು ಎಂದು ಓದಿಕೊಳ್ಳಿ. ಕೆತ್ತಿದ ಹೆಸರು ಮಾತ್ರ ಇದ್ದು ಸಮಾಧಿ ಇಲ್ಲದಿದ್ದರೆ ಯಾವ ಫಲಕ ಎಂದಿರುತ್ತದೆ. ಪ್ರಿಂಟು ತೆಗೆಸಿ ಜೇಬಿನಲ್ಲಿಟ್ಟುಕೊಳ್ಳಿ. ಬೆಟ್ಟದೂರು, ನೆಟ್‌ವರ್ಕು ನಂಬಬೇಡಿ.

ದಾರಿ

ಇದನ್ನು ಬೇಗ ಮುಗಿಸುತ್ತೇನೆ. ಹೊರರಾಜ್ಯದವರು ನಾಗಾಲ್ಯಾಂಡಿಗೆ ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕು, ಆನ್‌ಲೈನಿನಲ್ಲಿ ಸಿಗುತ್ತದೆ, ಹೊರಡುವ ಮೊದಲೇ ಮಾಡಿಸಿ. ವಿಮಾನವಾಗಲಿ ರೈಲಾಗಲಿ ದಿಮಾಪುರದವರೆಗೆ. ಅಲ್ಲಿಂದ ಸುಮಾರು 70 ಕಿಲೋಮೀಟರ್ ಘಟ್ಟದ ರಸ್ತೆ, ಶೇರ್ ಟ್ಯಾಕ್ಸಿ ಸಿಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ, ಅಕ್ಟೋಬರ್ ದಾಟಿಸಿ ಹೋಗುವುದು ಒಳ್ಳೆಯದು. ಡಿಸೆಂಬರ್ ಮೊದಲ ಹತ್ತು ದಿನ ಹಾರ್ನ್‌ಬಿಲ್ ಹಬ್ಬ, ರೂಮು ಸಿಗುವುದು ಕಷ್ಟ. ಭಾನುವಾರ ಊರೆಲ್ಲ ಚರ್ಚಿಗೆ ಹೋಗಿರುತ್ತದೆ, ಅಂಗಡಿ ಮುಚ್ಚಿರುತ್ತವೆ. ಅಲ್ಲಿ ಸೂರ್ಯನೂ ಬೇಗ ಅಂಗಡಿ ಮುಚ್ಚುತ್ತಾನೆ, ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ನಮ್ಮೂರ ಲೆಕ್ಕದಲ್ಲಿ ಸಂಜೆ ನೋಡೋಣ ಎಂದುಕೊಂಡರೆ ಕೆಟ್ಟಿರಿ. ಬೆಳಿಗ್ಗೆಯೇ ಹೋಗಿ.

ಕೆಳಗಿನ ಕಲ್ಲು: ಯಾರಿಂದ, ಯಾರಿಗೆ

ನಮ್ಮ ವೀರಗಲ್ಲುಗಳನ್ನು ಓದುವ ಕ್ರಮ ನಿಮಗೆ ಗೊತ್ತಿರಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ, ಸೂರ್ಯ ಚಂದ್ರ. ಮೇಲಿಂದ ಓದಿದರೆ ಕಥೆ ತಲೆಕೆಳಗಾಗುತ್ತದೆ. ಕೊಹಿಮಾದ ಸಿಮೆಟ್ರಿ ಇರುವುದು ಗುಡ್ಡದ ಇಳಿಜಾರಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಅಂಕಣಗಳ ಮೇಲೆ. ಅದನ್ನೂ ಹೀಗೆಯೇ, ಕೆಳಗಿನಿಂದ ಓದಿಕೊಂಡು ಹೋಗಿ.

ಬಾಗಿಲ ಹತ್ತಿರ, ಕೆಳಗೇ ಇರುವ ನಿಲುವುಗಲ್ಲು ಬ್ರಿಟಿಷ್ ಸೇನೆಯ 2ನೇ ಡಿವಿಷನ್ನಿನ ಸ್ಮಾರಕ. ಕಲ್ಲನ್ನು ನಯ ಮಾಡಿಲ್ಲ, ಒರಟಾಗಿಯೇ ಬಿಟ್ಟಿದ್ದಾರೆ. ತಲೆಯ ಹತ್ತಿರ ಒಂದು ಸಣ್ಣ ಶಿಲುಬೆ ಕೆತ್ತಿದೆ, ನಡುವೆ ಕಂಚಿನ ಫಲಕ ಕೂರಿಸಿದೆ. ನಾಗಾ ಹಳ್ಳಿಗಳಲ್ಲಿ ಹಿರಿಯರ ನೆನಪಿಗೆ ಇಂಥ ದೊಡ್ಡ ಕಲ್ಲು ನಿಲ್ಲಿಸುವುದು ಹಳೆಯ ಪದ್ಧತಿ. ಆ ಡಿವಿಷನ್ನಿನವರು ಅದನ್ನೇ ತಮ್ಮ ಸ್ಮಾರಕಕ್ಕೂ ಇಟ್ಟುಕೊಂಡರು. ನನಗಂತೂ ಅಮೃತಶಿಲೆಯ ಕಂಬಕ್ಕಿಂತ ಇದು ಸರಿ ಎನಿಸಿತು. ಸತ್ತದ್ದು ಯಾರ ನೆಲದಲ್ಲೋ ಆ ನೆಲದ ಕಲ್ಲು.

ಇಲ್ಲಿ ನಿಂತು ನೆನಪಿಡಬೇಕಾದ ಮೊದಲ ಮಾತು: ಡಿವಿಷನ್ನಿನ ಸ್ಮಾರಕ ಆ ಡಿವಿಷನ್ನಿನವರಿಗೆ ಮಾತ್ರ ಸೇರಿದ್ದು. ಅದು ಇಡೀ ಯುದ್ಧದ ಸ್ಮಾರಕವಲ್ಲ. ಎಲ್ಲಿಯದೇ ಡಿವಿಷನ್ ಸ್ಮಾರಕಕ್ಕೆ ಹೋದರೂ ‘ಇದರಲ್ಲಿ ಯಾರಿದ್ದಾರೆ, ಯಾರಿಲ್ಲ’ ಎಂದು ಕೇಳಿಕೊಳ್ಳಿ. 2ನೇ ಡಿವಿಷನ್ನಿನಲ್ಲಿ 4, 5, 6 ಎಂದು ಮೂರು ಬ್ರಿಗೇಡು, ಒಂದೊಂದರಲ್ಲೂ ಮೂರು ಬೆಟಾಲಿಯನ್ನು. ರಾಯಲ್ ಸ್ಕಾಟ್ಸ್, ರಾಯಲ್ ನಾರ್ಫೋಕ್, ಲ್ಯಾಂಕಾಶೈರ್ ಫ್ಯುಸಿಲಿಯರ್ಸ್. ವೂಸ್ಟರ್‌ಶೈರ್, ಡಾರ್ಸೆಟ್, ಕ್ಯಾಮರಾನ್ ಹೈಲ್ಯಾಂಡರ್ಸ್. ರಾಯಲ್ ವೆಲ್ಶ್ ಫ್ಯುಸಿಲಿಯರ್ಸ್, ರಾಯಲ್ ಬರ್ಕ್‌ಶೈರ್, ಡರ್ಹಮ್ ಲೈಟ್ ಇನ್‌ಫೆಂಟ್ರಿ. ಒಂಬತ್ತೂ ಬ್ರಿಟಿಷ್. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮೇಲೆ ಹೋದಾಗ ಯಾವ ಸಮಾಧಿ ಈ ಡಿವಿಷನ್ನಿನದು, ಯಾವುದು ಅಲ್ಲ ಎಂದು ತಟ್ಟನೆ ಗೊತ್ತಾಗುತ್ತದೆ. ಇವರ ಗುರುತು ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಬೀಗದಕೈ. ಅದು ಕಂಡಲ್ಲಿ ಇವರದ್ದೆಂದು ತಿಳಿಯಿರಿ.

ಈಗ ಆ ಎರಡು ಸಾಲು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಊರಿಗೆ ಹೋದಾಗ ನಮ್ಮ ಸಂಗತಿ ತಿಳಿಸಿ, ಹೀಗೆನ್ನಿ: ನಿಮ್ಮ ನಾಳೆಗಾಗಿ ನಮ್ಮ ಇವತ್ತನ್ನು ಕೊಟ್ಟೆವು.’ ಬರೆದವರು ಜಾನ್ ಮ್ಯಾಕ್ಸ್‌ವೆಲ್ ಎಡ್ಮಂಡ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು, ಅದೂ ಮೊದಲ ಮಹಾಯುದ್ಧದ ಸತ್ತವರಿಗಾಗಿ. ಗ್ರೀಸಿನ ಥರ್ಮಾಪಿಲೆ ಕಾಳಗದಲ್ಲಿ ಮಡಿದವರ ಮೇಲೆ ಸೈಮನೈಡೀಸ್ ಎಂಬ ಕವಿ ಬರೆದನೆನ್ನುವ ಸಾಲುಗಳ ನೆರಳು ಇದರ ಮೇಲಿದೆ. ಎಡ್ಮಂಡ್ಸ್ ಬರೆದದ್ದು ‘ಇವರು ತಮ್ಮ ಇವತ್ತನ್ನು ಕೊಟ್ಟರು’ ಎಂದು. ಕೊಹಿಮಾದ ಕಲ್ಲಿಗೆ ಬರುವಾಗ ‘ಇವರು’ ಹೋಗಿ ‘ನಾವು’ ಆಯಿತು. ಯಾರೋ ಬರೆದ ಕಾಗದಕ್ಕೆ ಸತ್ತವರೇ ಸಹಿ ಹಾಕಿದ ಹಾಗೆ.

ಸರಿ, ಬರೆದವರು ಸತ್ತವರು. ಆ ಕಾಗದ ಯಾರ ಹೆಸರಿಗೆ? ‘ಊರಿಗೆ ಹೋದಾಗ’ ಎಂದಿದೆ. ಊರಿಗೆ ಹೋಗುವವನು ಅಂದರೆ ಬದುಕಿ ಉಳಿದ ಜೊತೆಗಾರ. ಫೋಟೊ ತೆಗೆಸಿಕೊಳ್ಳುವ ನಾವಲ್ಲ, ಆ ‘ನಿಮ್ಮ ನಾಳೆ’ಯ ಮನೆಮಂದಿಯೂ ಅಲ್ಲ. ನಡುವಿನ ಅಂಚೆಯವನ ಕೈಗೆ ಕೊಟ್ಟ ಕಾಗದ ಅದು. ಇದು ನನ್ನ ವೃತ್ತಿಯ ಚಪಲ ಎನ್ನಿ, ಆದರೆ ನೀವೂ ಒಮ್ಮೆ ಹಾಗೆ ಓದಿ ನೋಡಿ.

ಆ ಕಾಗದವನ್ನು ಅವರು ತಲುಪಿಸಲಿಲ್ಲವೆಂದಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ದೊಡ್ಡ ಚರ್ಚು ಮಿನ್‌ಸ್ಟರಿನ ಪಕ್ಕದ ತೋಟದಲ್ಲಿ, ಹಳೆಯ ಆರ್ಚ್‌ಬಿಷಪ್ ಅರಮನೆಯಲ್ಲಿ ಉಳಿದಿರುವ ಕಮಾನುಸಾಲು ಈಗ ಇದೇ ಡಿವಿಷನ್ನಿನ ಸ್ಮಾರಕ. ಅದೇ ಊರಿನ ಇಂಫಾಲ್ ಬ್ಯಾರಕ್ಸಿನಲ್ಲಿ ಕೊಹಿಮಾ ಹೆಸರಿನ ಮ್ಯೂಸಿಯಮ್ಮೂ ಇದೆ. ಇನ್ನೂ ನನಗೆ ಹಿಡಿಸಿದ್ದೆಂದರೆ, ಬದುಕಿ ಉಳಿದ ಮುದುಕರು ಸೇರಿ ಕೊಹಿಮಾ ಎಜುಕೇಶನಲ್ ಟ್ರಸ್ಟ್ ಎಂದು ಕಟ್ಟಿ ನಾಗಾ ಮಕ್ಕಳ ಓದಿಗೆ ಸಹಾಯ ಮಾಡಿದ್ದು. 1944ರಲ್ಲಿ ಗಾಯಾಳುಗಳನ್ನು ಹೊತ್ತು ಇಳಿಸಿದ, ದಾರಿ ತೋರಿಸಿದ, ಸುದ್ದಿ ತಂದುಕೊಟ್ಟ ನಾಗಾ ಜನರ ಋಣ ಅದು. ಯಾರ್ಕಿನ ಕಡೆ ಮಗ ಸೊಸೆ ಇರುವವರು ಮುಂದಿನ ಸಲ ಹೋದಾಗ ಆ ತೋಟದೊಳಗೆ ಒಂದು ಸುತ್ತು ಹಾಕಿ ಬನ್ನಿ.

ತಾರೀಖನ್ನು ಅಂಚೆ ಮುದ್ರೆಯಂತೆ ಓದಿ

ಮೆಟ್ಟಿಲು ಹತ್ತಿದರೆ ಸಾಲುಸಾಲು ಸಮಾಧಿಗಳು, ಒಟ್ಟು 1,420. ಎದ್ದು ನಿಂತ ಕಲ್ಲುಗಳಲ್ಲ. ಮೊಣಕಾಲಿಗಿಂತ ತಗ್ಗಿನ ಪೀಠಗಳು, ಮೇಲೆ ಕಂಚಿನ ಫಲಕ. ಬಗ್ಗಿ ಓದಬೇಕು. ಸೊಂಟ ನೋವಿರುವವರು ಅಂಕಣದ ಅಂಚಿನಲ್ಲಿ ಕೂತು ಓದಿ. ಪೀಠದ ಮೇಲೆ ಮಾತ್ರ ಕೂರಬೇಡಿ. ಕೂತವರನ್ನು ಕಂಡಿದ್ದೇನೆ.

ಸಿಪಾಯಿಗೂ ಅಧಿಕಾರಿಗೂ ಫಲಕದ ಅಳತೆ ಒಂದೇ. ಕಮಿಷನ್ನಿನ ಮೊದಲಿನ ನಿಯಮ ಅದು. 4ನೇ ಬ್ರಿಗೇಡಿನ ಬ್ರಿಗೇಡಿಯರ್ ಗೋಶೆನ್ ಈ ಕಾಳಗದಲ್ಲಿ ಸತ್ತರು, ಅವರ ಜಾಗಕ್ಕೆ ಬಂದ ಬ್ರಿಗೇಡಿಯರ್ ಥಿಯೋಬಾಲ್ಡ್ಸ್ ಕೂಡ ಗಾಯದಿಂದ ಸತ್ತರು. ಬ್ರಿಗೇಡಿಯರನ ಫಲಕಕ್ಕೂ ಹತ್ತೊಂಬತ್ತು ವರ್ಷದ ಸಿಪಾಯಿಯ ಫಲಕಕ್ಕೂ ಒಂದಂಗುಲ ಹೆಚ್ಚುಕಡಿಮೆ ಇಲ್ಲ.

ಹೆಸರು ಓದಿ ಮುಂದೆ ಹೋಗುವುದು ಎಲ್ಲರೂ ಮಾಡುವ ಕೆಲಸ. ನೀವು ತಾರೀಖು ನೋಡಿ. ಲಕೋಟೆಯ ಮೇಲೆ ಮುದ್ರೆ ನೋಡಿದರೆ ಕಾಗದ ಎಲ್ಲಿಂದ ಯಾವಾಗ ಹೊರಟಿತೆಂದು ನನಗೆ ಗೊತ್ತಾಗುತ್ತಿತ್ತು. ಇಲ್ಲೂ ಹಾಗೆಯೇ. ಕಾಳಗ ನಡೆದದ್ದು 1944ರ ಏಪ್ರಿಲ್ 4ರಿಂದ ಜೂನ್ 22ರವರೆಗೆ. ಜನರಲ್ ಸಾಟೊ ನಡೆಸಿದ ಜಪಾನಿನ 31ನೇ ಡಿವಿಷನ್, ಸುಮಾರು 15,000 ಜನ, ಬರ್ಮಾ ಕಡೆಯಿಂದ ಬೆಟ್ಟ ಹತ್ತಿ ಬಂದರು. ಕೊಹಿಮಾದಲ್ಲಿ ಇದ್ದದ್ದು ಸುಮಾರು 2,500 ಮಂದಿ, ಅದರಲ್ಲೂ ಸಾವಿರದಷ್ಟು ಜನ ಬಂದೂಕು ಹಿಡಿಯುವವರಲ್ಲ.

ಏಪ್ರಿಲ್ 5ರಿಂದ 20ರೊಳಗಿನ ತಾರೀಖು ಕಂಡರೆ ಅದು ಮುತ್ತಿಗೆಯೊಳಗೆ ಸಿಕ್ಕಿಕೊಂಡವನ ಸಮಾಧಿ ಆಗಿರಬಹುದು. ಕುಡಿಯುವ ನೀರಿಗೂ ತತ್ವಾರವಾಗಿದ್ದ ದಿನಗಳು ಅವು. ಆ ದಿನಗಳಲ್ಲಿ ಗುಡ್ಡ ಹಿಡಿದು ನಿಂತವರು 2ನೇ ಡಿವಿಷನ್ನಿನವರೇ ಅಲ್ಲ. ಅಸ್ಸಾಂ ರೆಜಿಮೆಂಟು, ಅಸ್ಸಾಂ ರೈಫಲ್ಸು, ರಾಯಲ್ ವೆಸ್ಟ್ ಕೆಂಟ್‌ನ 4ನೇ ಬೆಟಾಲಿಯನ್ನು ಮುಂತಾದವರು. ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಲಾನ್ಸ್ ಕಾರ್ಪೊರಲ್ ಜಾನ್ ಹಾರ್ಮನ್ ಫಲಕದಲ್ಲಿ ಏಪ್ರಿಲ್ 9 ಎಂದಿದೆ. ಆತ ವೆಸ್ಟ್ ಕೆಂಟಿನವನು, ಅಂದರೆ ಕೆಳಗಿನ ದೊಡ್ಡ ಕಲ್ಲಿಗೆ ಸೇರಿದವನಲ್ಲ. ಮೇ ತಿಂಗಳ ತಾರೀಖಿನ ಜೊತೆ ನಿಮ್ಮ ಚೀಟಿಯಲ್ಲಿರುವ ಒಂಬತ್ತು ಹೆಸರಿನಲ್ಲಿ ಒಂದು ಕಂಡರೆ ಅದು ಬಿಡಿಸಲು ಬಂದ 2ನೇ ಡಿವಿಷನ್ನಿನವನದು. ಮೇ 4ಕ್ಕೆ ಆ ಡಿವಿಷನ್ ದೊಡ್ಡ ದಾಳಿ ಶುರು ಮಾಡಿತು. ಇನ್ನೊಬ್ಬ ವಿಕ್ಟೋರಿಯಾ ಕ್ರಾಸ್ ವೀರ ಕ್ಯಾಪ್ಟನ್ ಜಾನ್ ರ‍್ಯಾಂಡಲ್, ನಾರ್ಫೋಕಿನವರು, ಸತ್ತದ್ದು ಮೇ 6. ಹೀಗೆ ಎರಡು ಸಾಲು ಸಮಾಧಿ ಓದುವಷ್ಟರಲ್ಲಿ ಪಠ್ಯಪುಸ್ತಕ ಹೇಳದ ಯುದ್ಧ ದಿನದಿನವಾಗಿ ಬಿಚ್ಚಿಕೊಳ್ಳುತ್ತದೆ. ಒಂದೇ ತಾರೀಖು, ಒಂದೇ ರೆಜಿಮೆಂಟು ಸಾಲಾಗಿ ಬಂದರೆ ಅಲ್ಲಿ ನಿಂತುಬಿಡಿ. ಅವತ್ತು ಬೆಳಿಗ್ಗೆ ಆ ಬೆಟಾಲಿಯನ್ನಿಗೆ ಏನೋ ಆಗಿದೆ.

ಫಲಕದ ಬುಡದಲ್ಲಿ ಕೆಲವಕ್ಕೆ ಮನೆಯವರ ಒಂದು ಸಾಲು ಇರುತ್ತದೆ. ತಾಯಿಯದೋ ಹೆಂಡತಿಯದೋ. ಮೊದಲ ಮಹಾಯುದ್ಧದ ಕಾಲದಲ್ಲಿ ಇದಕ್ಕೆ 66 ಅಕ್ಷರದ ಮಿತಿ ಹಾಕಿದ್ದರು, ಜಾಗ ಬಿಟ್ಟದ್ದೂ ಸೇರಿ. ಅಕ್ಷರಕ್ಕೆ ಮೂರೂವರೆ ಪೆನ್ನಿ ಕೇಳಿದ್ದೂ ಉಂಟು. ನಮ್ಮ ಟೆಲಿಗ್ರಾಂ ಲೆಕ್ಕವೇ! ಕೌಂಟರಿನಲ್ಲಿ ಕೂತು ‘ಈ ಎರಡು ಪದ ತೆಗೆದರೆ ದುಡ್ಡು ಉಳಿಯುತ್ತೆ ಕಣಮ್ಮ’ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ. ಸಾವಿನ ತಂತಿಯಲ್ಲೂ ಪದ ಎಣಿಸಿದವನು ನಾನು. ಆ ಫಲಕಗಳ ಮುಂದೆ ಅದು ನೆನಪಾಗಿ ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಾಗಲಿಲ್ಲ.

ಟೆನ್ನಿಸ್ ಕೋರ್ಟು

ಇನ್ನೂ ಮೇಲೆ ಹೋದರೆ ಡೆಪ್ಯುಟಿ ಕಮಿಷನರ್ ಚಾರ್ಲ್ಸ್ ಪಾಸಿಯವರ ಬಂಗಲೆಯಿದ್ದ ಜಾಗ. ಬಂಗಲೆ ಯುದ್ಧದಲ್ಲಿ ನೆಲಸಮವಾಯಿತು. ಅವರ ಟೆನ್ನಿಸ್ ಕೋರ್ಟಿನ ಗೆರೆಗಳನ್ನು ಮಾತ್ರ ಕಾಂಕ್ರೀಟಿನಲ್ಲಿ ಬಿಳಿಯಾಗಿ ಉಳಿಸಿದ್ದಾರೆ. ಒಂದು ತುದಿಯಲ್ಲಿ ಜಪಾನೀಯರು, ಇನ್ನೊಂದು ತುದಿಯಲ್ಲಿ ಬ್ರಿಟಿಷ್ ಕಡೆಯವರು, ನಡುವೆ ಈ ಕೋರ್ಟು. ಕೈಯಿಂದ ಎಸೆದ ಗ್ರೆನೇಡು ಆಚೆ ಬೀಳುವಷ್ಟೇ ದೂರ. ಈ ಗೆರೆಗಳನ್ನು ಹೆಜ್ಜೆ ಹಾಕಿ ಅಳೆಯಿರಿ, ಇದು ನನ್ನ ಒತ್ತಾಯ. ಓದುವಾಗ ‘ಹತ್ತಿರದ ಕಾಳಗ’ ಎಂದು ಸಲೀಸಾಗಿ ಓದಿಬಿಡುತ್ತೇವೆ. ಆ ತುದಿಯಿಂದ ಈ ತುದಿಗೆ ನಡೆದಾಗ ಅದು ನಮ್ಮೂರ ಶಾಲೆಯ ಕಬಡ್ಡಿ ಅಂಗಳದ ಎರಡರಷ್ಟೂ ಉದ್ದವಿಲ್ಲ ಎಂದು ಕಾಲಿಗೆ ತಿಳಿಯುತ್ತದೆ. ಮೇ 13ರಂದು ಒಂದು ಟ್ಯಾಂಕನ್ನು ಹೇಗೋ ಇಲ್ಲಿಗೆ ಇಳಿಸಿದ ಮೇಲೆಯೇ ಜಾಗ ಕೈಗೆ ಬಂದದ್ದು. ದಾಳಿ ಮಾಡಿದ ಡಾರ್ಸೆಟ್ ಬೆಟಾಲಿಯನ್ನಿನ ಸ್ಮಾರಕ ಹತ್ತಿರದಲ್ಲೇ ಇದೆ.

ಅಲ್ಲೊಂದು ಚೆರ‍್ರಿ ಮರವಿದೆ. ಹಳೆಯ ಮರದಲ್ಲಿ ಜಪಾನೀ ಗುರಿಕಾರರು ಅಡಗಿ ಗುಂಡು ಹಾರಿಸುತ್ತಿದ್ದರಂತೆ, ಅದು ಕಾಳಗದಲ್ಲಿ ಮುರಿಯಿತು, ಬುಡದಿಂದ ಚಿಗುರಿದ್ದು ಈಗಿನದು. ಫಲಕ ಓದಿ, ಎಲೆ ಕೀಳಬೇಡಿ.

ತುದಿ: ಯಾರೂ ಹತ್ತದ ಮೆಟ್ಟಿಲು

ಇಲ್ಲಿಗೆ ಸುಸ್ತಾಗಿ ಬಹಳ ಮಂದಿ ಇಳಿದುಬಿಡುತ್ತಾರೆ. ಇಳಿಯಬೇಡಿ. ಸಿಮೆಟ್ರಿಯ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಇರುವುದು ಕೊಹಿಮಾ ಕ್ರಿಮೇಶನ್ ಮೆಮೋರಿಯಲ್. ತಮ್ಮ ಧರ್ಮದಂತೆ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರು ಅಲ್ಲಿವೆ. ಸುಟ್ಟವರಿಗೆ ಸಮಾಧಿ ಇಲ್ಲ, ಹೂ ಇಡಲು ಪೀಠ ಇಲ್ಲ, ಇರುವುದು ಹೆಸರು ಮಾತ್ರ. ಕೆಳಗಿನ ಕಲ್ಲಿನ ಮುಂದೆ ಸಾಲುಗಟ್ಟುವ ನಮ್ಮ ಜನ, ನಮ್ಮವರ ಹೆಸರಿರುವ ಈ ಗೋಡೆಯ ಮುಂದೆ ಕಾಣುವುದಿಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲೇ, ಮೊದಲ ಸಲ ಇಪ್ಪತ್ತು ನಿಮಿಷಕ್ಕೆ ಹೋದ ನನ್ನ ಮೇಲೇ. ಸೇನೆಯ ಸಂಬಳ ತಿನ್ನುತ್ತಿದ್ದಾಗಲೂ ಹತ್ತಿ ನೋಡಿರಲಿಲ್ಲ.

ಹೆಸರಿನ ಗೋಡೆ ಓದುವುದಕ್ಕೆ ಒಂದು ಕ್ರಮ ಇದೆ. ಕಮಿಷನ್ನಿನ ಫಲಕಗಳಲ್ಲಿ ಸಾಮಾನ್ಯವಾಗಿ ಮೊದಲು ರೆಜಿಮೆಂಟು, ಅದರೊಳಗೆ ರ‍್ಯಾಂಕು, ಅದರೊಳಗೆ ಇಂಗ್ಲಿಷ್ ಅಕ್ಷರಾನುಕ್ರಮ. ಆದ್ದರಿಂದ ಹೆಸರಿನಿಂದ ಶುರು ಮಾಡದೆ ರೆಜಿಮೆಂಟಿನಿಂದ ಶುರು ಮಾಡಿ. ರೆಜಿಮೆಂಟು ಗೊತ್ತಿಲ್ಲದಿದ್ದರೆ ಆಳು ಯಾವ ಕೆಲಸ ಮಾಡುತ್ತಿದ್ದ ಎಂದು ಯೋಚಿಸಿ. ಲಾರಿ, ಹೇಸರಗತ್ತೆ, ಸಾಮಾನು ಸಾಗಣೆ ಅಂದರೆ ಆರ್ಮಿ ಸರ್ವೀಸ್ ಕೋರ್. ಸೇತುವೆ, ರಸ್ತೆ ಅಂದರೆ ಸ್ಯಾಪರ್ಸು, ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಮರೆಯಬೇಡಿ. ಮಸುಕಾದ ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ, ನೀರು ಏನನ್ನೂ ಹಚ್ಚಬೇಡಿ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರದ ನೆರಳು ಎದ್ದು ಕಾಣುತ್ತದೆ. ಹಳೆಯ ರಿಜಿಸ್ಟರ್ ಪಾರ್ಸಲ್ಲಿನ ಅರಗಿನ ಮುದ್ರೆ ಓದಲು ನಾವು ಮಾಡುತ್ತಿದ್ದ ಉಪಾಯ ಅದೇ.

ಈ ಬುದ್ಧಿಯನ್ನೆಲ್ಲ ನಿಮಗೆ ಹೇಳುತ್ತಿರುವ ನಾನು ಮಾಡಿದ್ದೇನೆಂದರೆ, 917 ಹೆಸರನ್ನೂ ಮೊದಲಿಂದ ಕೊನೆಯವರೆಗೆ ಓದಿದ್ದು. ಎರಡು ಬೆಳಗು ಹಿಡಿಯಿತು. ಸಿಂಗ್, ರಾಮ್, ಬಹಾದೂರ್, ಥಾಪಾ. ಬೆರಳಿಟ್ಟು ಒಂದೊಂದೇ ದಾಟಿಸಿದೆ. ಅಜ್ಜಿಯ ಚಿಕ್ಕಪ್ಪ ಇರಲಿಲ್ಲ. ಎಷ್ಟೋ ಹೊತ್ತು ಕೂತೆ. ಎದುರಿಗೆ ಊರೆಲ್ಲ ಕಾಣುತ್ತಿತ್ತು. ದೂರದ ಅರಾದುರಾ ಗುಡ್ಡದ ಮೇಲೆ ದೊಡ್ಡ ಕೆಥೆಡ್ರಲ್. ಅದನ್ನು ಕಟ್ಟುವಾಗ ಇಲ್ಲಿ ಸತ್ತ ಜಪಾನೀಯರ ಮನೆಯವರೂ ಹಣ ಕೊಟ್ಟಿದ್ದಾರೆ. ಈ ಗುಡ್ಡದಲ್ಲಿ ಅವರಿಗೆ ಕಲ್ಲಿಲ್ಲ.

ಸಮಯ ಇದ್ದವರು ಸಿಮೆಟ್ರಿಯಿಂದ ಹೊರಗೂ ನೋಡಿ. ಕ್ಯಾಮರಾನ್ ಹೈಲ್ಯಾಂಡರ್ಸ್ ಸ್ಮಾರಕ ಹಳೆಯ ಕೊಹಿಮಾ ಹಳ್ಳಿಯಲ್ಲಿದೆ. ಇಳಿಜಾರಿನಲ್ಲಿ ಜಾರಿ ನಿಂತ ಒಂದು ಟ್ಯಾಂಕನ್ನು ನಿಂತಲ್ಲೇ ಸ್ಮಾರಕ ಮಾಡಿದ್ದಾರೆ. ಕಿಸಾಮಾದಲ್ಲಿ ಯುದ್ಧದ ಮ್ಯೂಸಿಯಂ ಇದೆ. ಟ್ಯಾಕ್ಸಿಯವರಿಗೆ ‘ವಾರ್ ಸಿಮೆಟ್ರಿ’ ಗೊತ್ತು, ಉಳಿದದ್ದನ್ನು ಊರಿನ ಹಿರಿಯರನ್ನು ಕೇಳುವುದು ಮೇಲು. ಅಲ್ಲಿನವರಿಗೆ ಈ ಯುದ್ಧ ಪುಸ್ತಕದ ವಿಷಯವಲ್ಲ, ಅಜ್ಜ ಅಜ್ಜಿಯರ ಮನೆ ಸುಟ್ಟ ವಿಷಯ. ಮರ್ಯಾದೆಯಿಂದ ಕೇಳಿ, ತಾಳ್ಮೆಯಿಂದ ಕೂರಿ.

ವಾಪಸ್ ಬಂದ ಮೇಲೆ

ಊರಿಗೆ ಬಂದ ಮೇಲೆ ನನ್ನ ಮೊಮ್ಮಗ ಅಜ್ಜಿಯ ಕಾಗದವನ್ನು ಕಿಟಕಿಗೆ ಹಿಡಿದು ನಂಬರು ಓದಿದ. ಕಂಪ್ಯೂಟರಿನಲ್ಲಿ ಹಾಕಿದ. ಹತ್ತು ನಿಮಿಷ ಹಿಡಿಯಲಿಲ್ಲ. ಹೆಸರು ಬೇರೆಯೇ ಕಾಗುಣಿತದಲ್ಲಿ, ಆದರೆ ನಂಬರು ಅದೇ. ಜಾಗ: ರಂಗೂನ್ ಮೆಮೋರಿಯಲ್.

ನೀವು ಹುಡುಕುವವರು ಕೊಹಿಮಾ, ಇಂಫಾಲಗಳ ಸಿಮೆಟ್ರಿ ಎರಡರಲ್ಲೂ ಸಿಗಲಿಲ್ಲವೆಂದರೆ ಮುಂದಿನ ಬಾಗಿಲು ಇದು. ಬರ್ಮಾದ ಕಾಳಗಗಳಲ್ಲಿ ಸತ್ತು, ಸಮಾಧಿ ಎಲ್ಲಿದೆಯೆಂದೇ ಗೊತ್ತಿಲ್ಲದ ಸುಮಾರು 27,000 ಜನರ ಹೆಸರನ್ನು ರಂಗೂನಿನ ಹೊರಗಿನ ಟೌಕ್ಯಾನ್ ಸಿಮೆಟ್ರಿಯ ಕಂಬಗಳ ಮೇಲೆ ಕೆತ್ತಿದ್ದಾರೆ. ನಮ್ಮ ಇಲಾಖೆಯಲ್ಲಿ ವಿಳಾಸದಾರ ಸಿಗದ ಕಾಗದಗಳಿಗೆ ಆರ್.ಎಲ್.ಓ. ಎಂದು ಒಂದು ಆಫೀಸೇ ಇದೆ. ಹಾಗೆ ಎಂದುಕೊಂಡೆ. ಆ ಪುಟದ ಪ್ರಿಂಟು ತೆಗೆಸಿ ಅಜ್ಜಿಗೆ ಕೊಟ್ಟೆ.

ಕೊನೆಯದಾಗಿ ಒಂದು ಸಲಹೆ. ಕೊಹಿಮಾದಿಂದ ಹೊರಡುವ ಮೊದಲು, ಯಾರಿಗಾಗಿ ಹೋಗಿದ್ದಿರೋ ಅವರ ಮನೆಗೆ ಅಲ್ಲಿನ ಪೋಸ್ಟ್ ಆಫೀಸಿನಿಂದ ಒಂದು ಕಾರ್ಡು ಹಾಕಿ. ಡಬ್ಬಕ್ಕೆ ಹಾಕದೆ ಕೌಂಟರಿನಲ್ಲಿ ಕೊಟ್ಟು, ಮುದ್ರೆ ಸ್ಪಷ್ಟವಾಗಿ ಬೀಳಲಿ ಎಂದು ವಿನಂತಿ ಮಾಡಿಕೊಳ್ಳಿ. ವಿಳಾಸವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಯಿರಿ, ಪಿನ್ ಕೋಡ್ ಬಿಡಬೇಡಿ. ನಾನು ಅಜ್ಜಿಗೆ ಹಾಕಿದ ಕಾರ್ಡಿನಲ್ಲಿ ‘ಇಲ್ಲಿ 917 ಹೆಸರು ಓದಿದೆ, ಚಿಕ್ಕಪ್ಪನವರದು ಇಲ್ಲ’ ಎಂದಷ್ಟೇ ಬರೆದಿದ್ದೆ. ಆರನೇ ದಿನ ನಾನೇ ಊರಿಗೆ ಬಂದು ಅದನ್ನೇ ಬಾಯಲ್ಲೂ ಹೇಳಿದೆ. ಅಜ್ಜಿ ತಲೆಯಾಡಿಸಿದರು, ನಂಬಿದ ಹಾಗೆ ಕಾಣಲಿಲ್ಲ. ಕಾರ್ಡು ಬಂದದ್ದು ಹನ್ನೊಂದನೇ ದಿನ. ಮೊಮ್ಮಗಳ ಕೈಲಿ ಎರಡು ಸಲ ಓದಿಸಿಕೊಂಡು, ಮುದ್ರೆಯ ಮೇಲೆ ಬೆರಳಾಡಿಸಿ, ‘ಹಂಗಾರೆ ಅಲ್ಲಿಲ್ಲ, ಬ್ಯಾರೆ ಕಡೆ ನೋಡ್ಬೇಕು’ ಅಂತ ಹರಿದ ಕಾಗದ ತೆಗೆದು ಕಳಿಸಿದ್ದು ಆಮೇಲೆಯೇ.